ಮೈಕಮ್ಮ ಸ್ಲೇಟಿನಲ್ಲಿ ಕೇಳಿದ ಪ್ರಶ್ನೆ

ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಇಪ್ಪತ್ತಮೂರು ವರ್ಷ ಕೂತವಳನ್ನು ಜನ ಇನ್ನೇನೆಂದು ಕರೆದಾರು? ಮೈಕಮ್ಮ ಎಂದೇ ಕರೆದರು. ಟಿಕೆಟ್ ಕೊಡುವವರು, ಸಾಮಾನು ಹೊರುವವರು, ಪ್ಲಾಟ್‌ಫಾರ್ಮಿನಲ್ಲಿ ಪೇಪರ್ ಮಾರುವವನು, ಕೊನೆಗೆ ಅವಳ ಬೀದಿಗೆ ಹಾಲು ಹಾಕುವವಳೂ ಅದೇ ಹೆಸರು ಹಿಡಿದು ಕೂಗುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ತಣ್ಣಗೆ ಕೂತಿತ್ತು.

ಅವಳು ಕೂರುತ್ತಿದ್ದ ಕೋಣೆ ಮೇಲ್ಸೇತುವೆಯ ಮೆಟ್ಟಿಲಿನ ಪಕ್ಕದಲ್ಲಿತ್ತು. ಉದ್ದ ನಾಲ್ಕು ಹೆಜ್ಜೆ, ಅಗಲ ಮೂರು ಹೆಜ್ಜೆ. ಒಂದು ಮೇಜು, ಮೈಕು, ಅದರ ಕೆಂಪು ಗುಂಡಿ, ಗೋಡೆಯ ಮೇಲೆ ಗಾಡಿಗಳ ವೇಳಾಪಟ್ಟಿ, ಬಿಸಿನೀರಿನ ಫ್ಲಾಸ್ಕು, ಎರಡೂ ಪ್ಲಾಟ್‌ಫಾರ್ಮು ಕಾಣುವಂಥ ಒಂದು ಕಿಟಕಿ. ಗುಂಡಿ ಒತ್ತಿ ಅವಳು "ಪ್ರಯಾಣಿಕರ ಗಮನಕ್ಕೆ" ಅಂದರೆ ಸಾಕು, ಮುನ್ನೂರು ತಲೆಗಳು ಒಟ್ಟಿಗೆ ಮೇಲೇಳುತ್ತಿದ್ದವು. "ಎರಡನೇ ಪ್ಲಾಟ್‌ಫಾರ್ಮ್" ಅಂದರೆ ಮುನ್ನೂರು ಕೈಗಳು ಪೆಟ್ಟಿಗೆ ಎತ್ತುತ್ತಿದ್ದವು. ಹೊತ್ತು ಗೊತ್ತಿಲ್ಲದ ಹುಡುಗಾಟದ ಕೆಲಸ ಅದಲ್ಲ. ನಂಬರು ಹೇಳುವ ಮುಂಚೆ ಅರ್ಧ ಉಸಿರಿನಷ್ಟು ನಿಲ್ಲಬೇಕು, ಹೇಳಿದ್ದನ್ನು ಎರಡು ಸಲ ಹೇಳಬೇಕು, ಮಾತಿನ ತುದಿಯನ್ನು ನುಂಗಬಾರದು, ತಡವಾದ ಗಾಡಿಯ ಸುದ್ದಿಯನ್ನು ಸಾವಿನ ಸುದ್ದಿಯ ಹಾಗೆ ಹೇಳಬಾರದು. ಮೂರು ಗಂಟೆ ತಡ ಎಂಬುದನ್ನು ಅವಳ ಬಾಯಲ್ಲಿ ಕೇಳಿದರೆ ಜನ ಯಾರನ್ನೂ ಬೈಯದೆ ಚಹಾ ಕುಡಿಯಲು ಹೋಗುತ್ತಿದ್ದರಂತೆ. ಇದು ಅವಳೇ ಹೇಳಿಕೊಳ್ಳುತ್ತಿದ್ದ ಮಾತು, ಸ್ವಲ್ಪ ಉಪ್ಪು ಖಾರ ಸೇರಿರಬಹುದು.

ದಿನದ ಮೊದಲ ಗಾಡಿಗೆ ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಬಂದು, ಬಾಗಿಲು ಹಾಕಿಕೊಂಡು, ಅವಳು ದೇವರ ಹತ್ತಿರ ಮಾತಾಡುತ್ತಿದ್ದಳು. ಬಾಯಿ ಬಿಟ್ಟು, ಗಟ್ಟಿಯಾಗಿ. ಮನಸ್ಸಿನಲ್ಲೇ ಬೇಡಿಕೊಳ್ಳುವುದು ಅವಳಿಗೆ ಒಗ್ಗುತ್ತಿರಲಿಲ್ಲ. ಎದುರಿಗೆ ಕೂತವರಿಗೆ ಹೇಳುವಂತೆ ಮನೆಯ ಸುದ್ದಿ, ಮೈಯ ನೋವು, ನಿನ್ನೆಯ ಜಗಳ ಎಲ್ಲವನ್ನೂ ಒಂದೊಂದಾಗಿ ಹೇಳಿ, ಕೇಳುವುದನ್ನು ಕೇಳಿ, ಆಮೇಲೆಯೇ ಗುಂಡಿಗೆ ಕೈ ಹಾಕುವುದು. ಐದಾರು ವರ್ಷದ ಹಿಂದೆ ಒಂದು ಬೆಳಿಗ್ಗೆ ಕ್ರಮ ತಪ್ಪಿತು. ಮೇಜು ಒರೆಸುವಾಗ ಕೆಂಪು ಗುಂಡಿ ಒತ್ತಿಕೊಂಡದ್ದು ಅವಳಿಗೆ ತಿಳಿಯಲೇ ಇಲ್ಲ.

"ನಮ್ಮನೆಯವರ ಮಂಡಿ ನೋವು ಸ್ವಲ್ಪ ನೋಡ್ಕೋಪ್ಪಾ, ಮೆಟ್ಟಿಲು ಹತ್ತೋಕೂ ಆಗ್ತಿಲ್ಲ. ಮಗಳಿಗೆ ಲೆಕ್ಕ ತಲೆಗೆ ಹತ್ತೋ ಹಾಗೆ ಮಾಡು. ಸ್ಟೇಷನ್ ಮಾಸ್ಟರಿಗೆ ಒಂಚೂರು ಒಳ್ಳೆ ಬುದ್ಧಿ ಕೊಡು."

ಎರಡೂ ಪ್ಲಾಟ್‌ಫಾರ್ಮು ಕೇಳಿಸಿಕೊಂಡಿತು. ಸ್ಟೇಷನ್ ಮಾಸ್ಟರು ಮೆಟ್ಟಿಲು ಹತ್ತಿ ಬಂದರು. ಕೆಲಸ ಹೋಯಿತು ಎಂದುಕೊಂಡು ಅವಳು ಎದ್ದು ನಿಂತಳು. ಅವರು ಗುಂಡಿಯನ್ನು ತಾವೇ ಆರಿಸಿ, "ಅಲ್ಲಮ್ಮಾ, ನನ್ನ ಅರ್ಜಿ ಕೊನೇಲಿ ಹಾಕಿದ್ದೀರಲ್ಲ, ಇದು ನ್ಯಾಯಾನಾ?" ಎಂದು ಕೇಳಿ ಹೊರಟುಹೋದರು. ತಿಂಗಳುಗಟ್ಟಲೆ ಯಾರಾದರೂ ಒಬ್ಬರು ಅವಳನ್ನು ತಡೆದು ಗಂಡನ ಮಂಡಿ ಹೇಗಿದೆ ಎಂದು ವಿಚಾರಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೂ ಮಾರನೇ ದಿನದಿಂದ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡಿ, ಮತ್ತೆ ಗಟ್ಟಿಯಾಗಿಯೇ ಮಾತಾಡಿದಳು.

ಆ ದನಿ ಈ ವರ್ಷ ಕೈಕೊಟ್ಟಿತು. ಮೊದಲು ಸಂಜೆಯ ಹೊತ್ತಿಗೆ ಒಡೆಯುತ್ತಿತ್ತು, ಆಮೇಲೆ ಮಧ್ಯಾಹ್ನಕ್ಕೇ. ಫ್ಲಾಸ್ಕು ಒಂದಿದ್ದದ್ದು ಎರಡಾಯಿತು. ಒಂದು ದಿನ ಗಾಡಿಯ ಹೆಸರು ಹೇಳಿ ನಂಬರಿಗೆ ಬಂದಾಗ ಬರೀ ಗಾಳಿ ಬಂತು. ಮುನ್ನೂರು ಜನ ತಲೆ ಎತ್ತಿಕೊಂಡು ಕಾಯುತ್ತಿದ್ದರು. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಎರಡು ಬೆರಳು ತೋರಿಸಬೇಕಾಯಿತು. ಅಂದು ಸಂಜೆಯೇ ಗಂಡ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಗಂಟಲಲ್ಲಿ ದನಿ ಹೊರಡುವ ಜಾಗದಲ್ಲೇ ಒಂದು ಗಂಟು ಬೆಳೆದಿತ್ತು, ಮೆಣಸಿನಕಾಳಿಗಿಂತಲೂ ಚಿಕ್ಕದು. ಡಾಕ್ಟರಮ್ಮ ತೆಗೆದು ಪರೀಕ್ಷೆಗೆ ಕಳಿಸಿದಳು. ಕೆಟ್ಟದ್ದೇನೂ ಅಲ್ಲ ಎಂದು ಬಂತು. ಅಷ್ಟರ ಮಟ್ಟಿಗೆ ಎಲ್ಲರೂ ಉಸಿರು ಬಿಟ್ಟರು. ಆಮೇಲೆ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದಳು. "ಹದಿನೈದು ದಿನ ಒಂದಕ್ಷರ ಮಾತಾಡಬಾರದು. ಪಿಸುಪಿಸು ಅನ್ನೋದೂ ಬೇಡ, ಅದು ಇನ್ನೂ ಕೆಟ್ಟದ್ದು. ಅಳು ಬಂದ್ರೂ ಬಾಯಿ ಮುಚ್ಚಿಕೊಂಡೇ ಅಳಬೇಕು."

"ಆಮೇಲೆ ದನಿ ಬರುತ್ತಲ್ವಾ?" ಎಂದು ಗಂಡ ಕೇಳಿದ.

"ದನಿ ಬರುತ್ತೆ. ಯಾವ ದನಿ ಬರುತ್ತೆ ಅಂತ ಈಗಲೇ ಹೇಳೋಕಾಗಲ್ಲ."

ಹೀಗೆ ಊರಿಗೆಲ್ಲ ಮಾತಾಡುತ್ತಿದ್ದವಳ ಬಾಯಿಗೆ ಬೀಗ ಬಿತ್ತು. ಅವಳು ಬಂದು ಕೂತದ್ದಾದರೂ ಎಂಥ ಮನೆಯಲ್ಲಿ! ಸ್ಟೇಷನ್ನಿನ ಹಿಂದಿನ ಮೂರನೇ ಬೀದಿ, ಎರಡು ಕೋಣೆ, ಒಂದು ಅಡುಗೆಮನೆ. ಗಂಡ ಹೊಲಿಗೆ ಯಂತ್ರಗಳ ರಿಪೇರಿಯವನು. ಮುಂದಿನ ಕೋಣೆಯ ಅರ್ಧ ಜಾಗ ಅವನ ಬಿಡಿಭಾಗಗಳಿಗೆ ಮೀಸಲು, ಉಳಿದ ಅರ್ಧದಲ್ಲಿ ಮನುಷ್ಯರು. ಒಬ್ಬಳೇ ಮಗಳು ಬೇರೆ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮತ್ತೆ, ಅತ್ತೆ.

ಅತ್ತೆಗೆ ಕಿವಿ ಕೇಳಿಸುತ್ತಿರಲಿಲ್ಲ. ಮೂವತ್ತು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ನಡುವೆ ನಿಂತು ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದಳು. ಸೊಸೆ ಮನೆಗೆ ಬರುವ ಹೊತ್ತಿಗೆ ಪೂರ್ತಿ ಹೋಗಿತ್ತು. ಗಿರಣಿಯವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ, ಅತ್ತೆಯೂ ಹಾಗೇ ತಿಳಿಯುತ್ತಿದ್ದಳು. ಕಣ್ಣೂ ಮಂಜಾದ ಮೇಲೆ ಮಗ ಒಂದು ಸ್ಲೇಟು ತಂದು ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿದ, ಬಳಪವನ್ನು ದಾರದಲ್ಲಿ ಕಟ್ಟಿದ. ಅದರ ಮೇಲೆ ದಪ್ಪಕ್ಷರದಲ್ಲಿ ಏನು ಬರೆದರೂ ಅದು ಅತ್ತೆಗೆ. ಅತ್ತೆ ಓದಿ, ಬಾಯಲ್ಲಿ ಉತ್ತರ ಹೇಳಿ, ಒದ್ದೆ ಬಟ್ಟೆಯಿಂದ ತಾನೇ ಒರೆಸುತ್ತಿದ್ದಳು. ಅವಳು ಉತ್ತರ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತಿತ್ತು. ತನ್ನ ದನಿ ತನಗೇ ಕೇಳಿಸದವಳಿಗೆ ಮೆಲ್ಲಗೆ ಎಂದರೆ ಯಾವ ಲೆಕ್ಕ?

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಸ್ಲೇಟು ಬಂದು ಹನ್ನೊಂದು ವರ್ಷವಾಗಿತ್ತು, ಮೈಕಮ್ಮ ಅದರ ಮೇಲೆ ಬರೆದದ್ದೆಲ್ಲ ಸೇರಿಸಿದರೆ ನಾಲ್ಕು ಪುಟ ತುಂಬುತ್ತಿರಲಿಲ್ಲ. "ಊಟಕ್ಕೆ ಬನ್ನಿ." "ಮಾತ್ರೆ ತಗೊಳ್ಳಿ." "ಇವತ್ತು ತಡ." ಅತ್ತೆಯನ್ನು ಕಂಡರೆ ಆಗದು ಎಂದಲ್ಲ. ಊಟ, ಔಷಧಿ, ಬಟ್ಟೆ ಯಾವುದಕ್ಕೂ ಎಳ್ಳಷ್ಟೂ ಕಡಿಮೆ ಮಾಡಿರಲಿಲ್ಲ. ಆದರೆ ದಿನವೆಲ್ಲ ಮಾತಾಡಿ ಬಂದವಳಿಗೆ ಮನೆಯಲ್ಲಿ ಬಳಪ ಹಿಡಿಯುವುದು ಬೇಸರ. ಊರಿಗೆಲ್ಲ ಮಾತು ಹಂಚಿ ಬಂದು ಅತ್ತೆಯ ಪಾಲಿಗೆ ಎರಡು ಪದ ಉಳಿಸುತ್ತಿದ್ದಳು. ಜಿಪುಣತನವೇ, ಬೇರೆ ಹೆಸರಿಲ್ಲ ಅದಕ್ಕೆ.

ಈಗ ಅದೇ ಸ್ಲೇಟು ಅವಳ ತೊಡೆಗೆ ಬಂತು. ಮೊದಲ ದಿನಗಳು ನಗೆಪಾಟಲಿನಲ್ಲೇ ಹೋದವು. ತಾಯಿಯ ಜೊತೆ ಕೂಗಿ ಕೂಗಿ ಅಭ್ಯಾಸವಾದ ಗಂಡ, ಹೆಂಡತಿ ಬರೆದು ತೋರಿಸಿದ ಕೂಡಲೇ ಅವಳ ಕಿವಿಯ ಹತ್ತಿರ ಬಗ್ಗಿ, "ಏನು ಬೇಕೂ?" ಎಂದು ಕಿರುಚುತ್ತಿದ್ದ. ಅವಳು "ನಂಗೆ ಕಿವಿ ಚೆನ್ನಾಗಿದೆ ರೀ" ಎಂದು ಬರೆದು ತೋರಿಸಿದರೆ, "ಓ ಹೌದಲ್ಲಾ!" ಎಂದು ಅದನ್ನೂ ಕಿರುಚಿಯೇ ಹೇಳಿದ. ಮಗಳು ಫೋನ್ ಮಾಡಿದಾಗ ಉಗುರಿನಿಂದ ಫೋನಿನ ಮೇಲೆ ಬಡಿಯುವುದು, ಹೌದು ಅನ್ನುವುದಕ್ಕೆ ಒಂದು, ಅಲ್ಲ ಅನ್ನುವುದಕ್ಕೆ ಎರಡು. "ಅಮ್ಮಾ, ನೋವಿದೆಯಾ?" ಟಕ್ ಟಕ್. "ಊಟ ಸೇರ್ತಿದೆಯಾ?" ಟಕ್. "ಹೆದರಿಕೆ ಆಗ್ತಿದೆಯಾ?" ಅಂದಾಗ ಅವಳ ಬೆರಳು ಎಷ್ಟೋ ಹೊತ್ತು ಎತ್ತಿದ್ದು ಎತ್ತಿದ ಹಾಗೇ ಇತ್ತು. ಕೊನೆಗೆ ಎರಡು ಸಲ ಬಡಿದಳು.

ಅದು ಸುಳ್ಳು. ಹೆದರಿಕೆ ಅವಳ ಎದೆಯಲ್ಲಿ ಪಾಯ ಹಾಕಿ ಕೂತಿತ್ತು. ಗಾಳಿ ಈ ಕಡೆ ಬೀಸಿದರೆ ಸ್ಟೇಷನ್ನಿನ ಮೈಕು ಅಡುಗೆಮನೆಗೇ ಕೇಳಿಸುತ್ತಿತ್ತು. ಅವಳ ಜಾಗದಲ್ಲಿ ಟಿಕೆಟ್ ಕಿಟಕಿಯ ಹುಡುಗಿಯನ್ನು ಕೂರಿಸಿದ್ದರು. ಆ ಹುಡುಗಿಯದು ಬೆನ್ನ ಹಿಂದೆ ನಾಯಿ ಅಟ್ಟಿಸಿಕೊಂಡು ಬಂದಂಥ ಓಟ, ಪ್ರತಿ ಮಾತಿನ ತುದಿಯೂ ಗುಳುಂ. ಮೈಕಮ್ಮ ಪಾತ್ರೆ ಹಿಡಿದಲ್ಲೇ ನಿಂತು, ಕೈಯಿಂದ ಗಾಳಿಯಲ್ಲಿ ನಿಧಾನ ನಿಧಾನ ಎನ್ನುತ್ತಿದ್ದಳು. ಅಷ್ಟಾದರೂ ಜನ ಗಾಡಿ ತಪ್ಪಿಸಿಕೊಂಡ ಸುದ್ದಿ ಎಲ್ಲಿಂದಲೂ ಬರಲಿಲ್ಲ. ಅವಳಿಲ್ಲದೆಯೂ ಜನ ಸರಿಯಾದ ಗಾಡಿಯನ್ನೇ ಹತ್ತುತ್ತಿದ್ದರು. ಅದು ಅವಳನ್ನು ಗಂಟಲಿಗಿಂತ ಹೆಚ್ಚು ನೋಯಿಸಿತು.

ಬೆಳಿಗ್ಗೆಯ ಆ ಇಪ್ಪತ್ತು ನಿಮಿಷಕ್ಕೆ ಏನು ಮಾಡುವುದೆಂದು ಅವಳಿಗೆ ತೋಚಲಿಲ್ಲ. ಎಂದಿನ ಹೊತ್ತಿಗೇ ಎಚ್ಚರವಾಗುತ್ತಿತ್ತು. ಕಿಟಕಿಯ ಹತ್ತಿರ ಕೂತು ಮನಸ್ಸಿನಲ್ಲಿ ಶುರುಮಾಡುತ್ತಿದ್ದಳು. ಎರಡು ಮಾತು ಆಗುವಷ್ಟರಲ್ಲಿ ಮನಸ್ಸು ಆರು ಗಂಟೆಯ ಗಾಡಿ ಹಿಡಿದು ಎಲ್ಲಿಗೋ ಹೋಗಿಬಿಡುತ್ತಿತ್ತು. ಹಿಡಿದು ತಂದರೆ ಇನ್ನೊಂದು ಗಾಡಿ. ನಾಲ್ಕೈದು ದಿನ ಹೀಗೇ ಆದ ಮೇಲೆ ಅವಳಿಗೆ ಬೇರೆಯೇ ಭಯ ಹತ್ತಿತು. ಇಷ್ಟು ವರ್ಷ ದೇವರು ತನ್ನನ್ನು ವಿಚಾರಿಸಿಕೊಂಡದ್ದು ತಾನು ಬೆಳಗಾದರೆ ಕೂಗಿ ಕರೆಯುತ್ತಿದ್ದುದಕ್ಕಿರಬೇಕು. ಈಗ ಕರೆಯೇ ಇಲ್ಲ, ಅವನಿಗೆ ತನ್ನ ನೆನಪಾದರೂ ಹೇಗೆ ಆಗಬೇಕು? ಪೆದ್ದು ಯೋಚನೆ ಎಂದು ಅವಳಿಗೂ ಗೊತ್ತಿತ್ತು. ಆದರೂ ಹೋಗಲಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಸ್ಟೇಷನ್ ಮಾಸ್ಟರು ಒಂದು ಚೀಲ ಹಣ್ಣು ಹಿಡಿದುಕೊಂಡು ಬಂದರು. ಒಳ್ಳೆಯವರು, ಹಾಗಾಗಿಯೇ ಹೇಳಬೇಕಾದ್ದನ್ನು ಹೇಳಲು ಅರ್ಧ ಗಂಟೆ ಹಿಡಿಯಿತು. ಹವಾಮಾನ ಆಯಿತು, ಮಗಳ ಓದು ಆಯಿತು, ಗಂಡನ ಮಂಡಿಯೂ ಆಯಿತು.

"ಮೇಲಿನವರು ಕಾಗದ ಬರೆದಿದ್ದಾರಮ್ಮಾ. ಮೈಕಿನ ಜಾಗಕ್ಕೆ ಯಾರು ಅಂತ ಈ ತಿಂಗಳ ಒಳಗೆ ತಿಳಿಸಬೇಕಂತೆ. ನಿಮ್ಮ ದನಿ ಬಂದ್ರೆ ನೀವೇ, ಅದರಲ್ಲಿ ಎರಡು ಮಾತಿಲ್ಲ. ಇಲ್ದಿದ್ರೆ..." ಅವರು ಚಹಾದ ಲೋಟದ ಒಳಗೆ ನೋಡಿದರು. "ಇಲ್ದಿದ್ರೆ ಏನಾದ್ರೂ ನೋಡೋಣ. ಸುಮ್ಮನೆ ತಲೆ ಕೆಡಿಸ್ಕೋಬೇಡಿ."

ಅವಳು ಸ್ಲೇಟಿನಲ್ಲಿ "ಆಗಲಿ ಸಾರ್" ಎಂದು ಬರೆದು ತೋರಿಸಿದಳು. ಅವರು ಹೋದ ಮೇಲೆ ಅದನ್ನು ಒರೆಸಿದಳು. ಗಂಡ ದರ್ಜಿಯೊಬ್ಬನ ಯಂತ್ರ ನೋಡಲು ಹೋಗಿದ್ದ, ಅತ್ತೆ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಸ್ಲೇಟು ತೊಡೆಯ ಮೇಲಿತ್ತು, ಬಳಪ ಕೈಯಲ್ಲಿತ್ತು. ಬಾಯಿಂದ ಆಗದ್ದು, ಮನಸ್ಸಿನಿಂದಲೂ ಆಗದ್ದು ಕೈಯಿಂದ ಬಂತು.

"ದನಿ ಬರದಿದ್ದರೆ ನನ್ನಿಂದ ಯಾರಿಗೇನು ಉಪಯೋಗ? ಆಗಲೂ ನಾನು ನಿನಗೆ ಬೇಕಾ? ಒಂದು ಮಾತು ಹೇಳಿಬಿಡು."

ಯಾರಿಗೆ ಎಂದು ಬರೆಯಲಿಲ್ಲ. ಇಪ್ಪತ್ತಮೂರು ವರ್ಷ ದಿನವೂ ಮಾತಾಡಿಸಿದವನಿಗೆ ವಿಳಾಸ ಯಾಕೆ? ಬರೆದು, ಅದನ್ನೇ ನೋಡುತ್ತಾ, ಕುರ್ಚಿಯ ಬೆನ್ನಿಗೆ ತಲೆ ಕೊಟ್ಟಳು. ಎಷ್ಟೋ ದಿನದ ನಿದ್ದೆ ಬಾಕಿ ಇತ್ತು, ಕೂತಲ್ಲೇ ಕಣ್ಣು ಮುಚ್ಚಿಹೋಯಿತು.

ನೆತ್ತಿಯ ಮೇಲೆ ಭಾರವಾದ ಒಂದು ಕೈ ಬಿದ್ದಾಗ ಎಚ್ಚರವಾಯಿತು. ಎದುರಿಗೆ ಅತ್ತೆ ಸ್ಟೂಲು ಎಳೆದುಕೊಂಡು ಕೂತಿದ್ದಳು. ಮೂಗಿನ ಮೇಲೆ ಕನ್ನಡಕ, ತೊಡೆಯ ಮೇಲೆ ಸ್ಲೇಟು. ಮನೆಯ ಕಾನೂನಿನ ಪ್ರಕಾರ ಸ್ಲೇಟಿನ ಮೇಲಿದ್ದದ್ದು ಅವಳಿಗೆ ಬರೆದದ್ದು. ಅವಳು ಓದಿದ್ದಳು. ಎರಡೆರಡು ಸಲ ಓದಿದ್ದಳೆಂದು ಮುಖವೇ ಹೇಳುತ್ತಿತ್ತು.

"ಏನು ಪ್ರಶ್ನೆ ಇದು?" ಅತ್ತೆಯ ದನಿ ಬೀದಿಯ ಕೊನೆಯವರೆಗೂ ಹೋಗಿರಬೇಕು. "ನಿಂಗೆ ತಲೆಗಿಲೆ ಕೆಟ್ಟಿದೆಯಾ? ಬೇಕಾ ಅಂತ ಕೇಳ್ತೀಯಲ್ಲ, ಬೇಡದೇ ಇರೋಕೆ ನೀನೇನು ಇವನ ಯಂತ್ರದ ತುಕ್ಕು ಹಿಡಿದ ಸೂಜಿನಾ?"

ಮೈಕಮ್ಮ ಗಾಬರಿಯಿಂದ ಸ್ಲೇಟಿಗೆ ಕೈ ಚಾಚಿದಳು. ಅತ್ತೆ ಕೊಡಲಿಲ್ಲ.

"ಇರು, ನನ್ನ ಮಾತು ಮುಗೀಲಿ. ನಿನ್ನ ದನಿ ದನಿ ಅಂತ ಊರೆಲ್ಲ ಹೊಗಳುತ್ತೆ. ಹಾಲಿನವಳು ಹೊಗಳ್ತಾಳೆ, ಎದುರುಮನೆಯವಳು ಹೊಗಳ್ತಾಳೆ. ನಾನೂ ಹೌದು ಹೌದು ಅಂತ ತಲೆ ಆಡಿಸ್ತೀನಿ. ನಿಜ ಹೇಳಲಾ? ಅದು ಹೇಗಿದೆ ಅಂತ ನಂಗೆ ಗೊತ್ತೇ ಇಲ್ಲ. ಈ ಮನೆಗೆ ನೀನು ಬಂದು ಇಪ್ಪತ್ತೊಂದು ವರ್ಷ ಆಯ್ತು, ಒಂದು ದಿನ, ಒಂದೇ ಒಂದು ದಿನ ನಾನು ನಿನ್ನ ದನಿ ಕೇಳಿದವಳಲ್ಲ. ನಿನ್ನ ಮೇಲೆ ಪ್ರೀತಿ ಇಟ್ಕೊಂಡಿಲ್ವಾ ನಾನು? ದನಿ ಕೇಳಿ ಇಟ್ಟ ಪ್ರೀತಿ ಆಗಿದ್ರೆ ತಾನೇ ದನಿ ಹೋದ್ರೆ ಅದೂ ಹೋಗೋದು?"

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಕನ್ನಡಕ ಚೊಕ್ಕಟವಾಗಿಯೇ ಇತ್ತು.

"ಉಪಯೋಗದ ಮಾತು ಬೇರೆ ಬರೆದಿದ್ದೀಯ. ನನ್ನಿಂದ ನಿಂಗೆ ಏನು ಉಪಯೋಗ ಹೇಳು ನೋಡೋಣ? ಹನ್ನೊಂದು ವರ್ಷದಿಂದ ಮಾತ್ರೆ ನುಂಗಿಸ್ತಾ ಇದ್ದೀಯ. ನಂಗೆ ನೀನು ಬೇಕು. ಬೇಕು ಅಂದ್ರೆ ಬೇಕು, ಅಷ್ಟೆ. ಅದಕ್ಕೆ ಕಾರಣ ಹುಡುಕ್ತಾ ಕೂತ್ಕೋಬೇಡ." ಆಮೇಲೆ ಸ್ವಲ್ಪ ನಾಚಿದವಳಂತೆ, ಆದರೆ ಅಷ್ಟೇ ಗಟ್ಟಿಯಾಗಿ, "ನೀನು ಅಂತ ಬರೆದಿದ್ದೀಯ. ಮೊದಲ ಸಲ. ಇರಲಿ, ಹಾಗೇ ಬರಿ, ಹೆತ್ತ ಮಗಳು ಕರೆದ ಹಾಗಿದೆ" ಎಂದು ಸ್ಲೇಟನ್ನು ಅವಳ ಕೈಗೆ ಕೊಟ್ಟಳು. ಒರೆಸಿರಲಿಲ್ಲ.

ಮೈಕಮ್ಮ ಬಳಪ ತೆಗೆದುಕೊಂಡಳು. ಇದು ನಿಮಗೆ ಬರೆದದ್ದಲ್ಲ ಎಂದು ಬರೆಯಬೇಕಿತ್ತು. "ಇದು" ಎಂದು ಬರೆದಳು. ಅತ್ತೆ ಕತ್ತು ಮುಂದೆ ಚಾಚಿ ಮುಂದಿನ ಅಕ್ಷರಕ್ಕೆ ಕಾಯುತ್ತಿದ್ದಳು. ಮುನ್ನೂರು ಜನರು ತಲೆ ಎತ್ತಿ ಕಾದದ್ದನ್ನು ಕಿಟಕಿಯಿಂದ ಕಂಡಿದ್ದವಳಿಗೆ, ಈ ಒಬ್ಬಳು ತನ್ನ ಎರಡು ಪದಕ್ಕಾಗಿ ಹನ್ನೊಂದು ವರ್ಷ ಹೀಗೇ ಕತ್ತು ಚಾಚಿ ಕೂತಿದ್ದು ಕಣ್ಣಿಗೆ ಬಿದ್ದಿರಲಿಲ್ಲ. ಬಳಪ ಮುಂದೆ ಹೋಗಲಿಲ್ಲ. ಹೊಟ್ಟೆಯೊಳಗಿಂದ ಅಳು ಕಿತ್ತುಕೊಂಡು ಬಂತು. ಡಾಕ್ಟರಮ್ಮನ ಮಾತು ನೆನಪಾಗಿ, ಹೆಗಲ ಮೇಲಿದ್ದ ಟವೆಲನ್ನು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಅತ್ತಳು. ಅತ್ತೆ ಬೆನ್ನು ಸವರುತ್ತಾ, "ಸಾಕು, ಸಾಕು, ಗಂಟಲು ನೋವಾಗುತ್ತೆ" ಎಂದು ಇಡೀ ಬೀದಿಗೆ ಕೇಳಿಸುವಂತೆ ಸಮಾಧಾನ ಹೇಳಿದಳು.

ಉಳಿದ ಆರು ದಿನದಲ್ಲಿ ಆ ಸ್ಲೇಟು ಕಂಡಷ್ಟು ಬರವಣಿಗೆಯನ್ನು ಅದು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮಧ್ಯಾಹ್ನ ಗಂಡ ಹೊರಗೆ ಹೋದ ಮೇಲೆ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದರು. ಒಂದು ಕಡೆಯಿಂದ ಬಳಪ, ಇನ್ನೊಂದು ಕಡೆಯಿಂದ ಧ್ವನಿವರ್ಧಕದಂಥ ಬಾಯಿ. ಟಿಕೆಟ್ ಕಿಟಕಿಯ ಹುಡುಗಿ ಹೇಗೆ ಮಾತು ನುಂಗುತ್ತಾಳೆ ಎಂದು ಸೊಸೆ ಅಣಕಿಸಿ ಬರೆದಳು, ಪ್ರತಿ ಪದದ ಕೊನೆಯ ಅಕ್ಷರ ಬಿಟ್ಟು. ಅತ್ತೆ ಅದನ್ನು ಗಟ್ಟಿಯಾಗಿ ಓದಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡರು. ಒಬ್ಬಳ ನಗುವಿಗೆ ಸದ್ದಿಲ್ಲ, ಇನ್ನೊಬ್ಬಳಿಗೆ ಸದ್ದು ಕೇಳಿಸುವುದಿಲ್ಲ.

ಕಿವಿ ಹೋದದ್ದು ಹೇಗೆ ತಿಳಿಯಿತು ಎಂದು ಅವಳು ಒಂದು ದಿನ ಕೇಳಿದಳು. ಇಪ್ಪತ್ತೊಂದು ವರ್ಷದಲ್ಲಿ ಕೇಳಬೇಕೆಂದು ಅನಿಸಿಯೇ ಇರಲಿಲ್ಲ.

"ಗಿರಣೀಲಿ ಒಂದು ದಿನ ಕರೆಂಟು ಹೋಯ್ತು," ಅಂದಳು ಅತ್ತೆ. "ಇನ್ನೂರು ಮಗ್ಗ ಒಟ್ಟಿಗೇ ನಿಂತುಬಿಟ್ವು. ಪಕ್ಕದವಳು ನನ್ನ ಕಡೆ ತಿರುಗಿ, ಅಬ್ಬಾ ಎಷ್ಟು ಹಾಯಾಗಿದೆ ಅಂದಳು, ತುಟಿ ನೋಡ್ದೆ ನಾನು. ಏನು ಹಾಯಿ ಅಂತ ಸುತ್ತ ನೋಡಿದೆ. ಮಗ್ಗ ನಿಂತಿದ್ದು ಕಣ್ಣಿಗೆ ಕಾಣ್ತು, ಕಿವಿಗೆ ಮಾತ್ರ ಏನೂ ಬದಲಾಗಿರಲಿಲ್ಲ. ಆಗ ಗೊತ್ತಾಯ್ತು. ಗಂಡ ಇಲ್ಲ, ಚಿಕ್ಕ ಮಗ, ಕೆಲಸದಿಂದ ತೆಗೆದುಹಾಕಿದ್ರೆ ಏನು ಗತಿ? ದೇವರೇ, ನೀನೂ ಕೈಬಿಟ್ಟೆಯಾ ಅಂತ ದಾರಿಯುದ್ದಕ್ಕೂ ಬೈಕೊಂಡು ಬಂದೆ."

"ಆಮೇಲೆ?" ಎಂದು ಸೊಸೆ ಬರೆದಳು.

"ಆಮೇಲೇನು, ಮನೆಗೆ ಬಂದು ಅನ್ನಕ್ಕಿಟ್ಟೆ. ಮಗು ಹಸಿದಿತ್ತಲ್ಲ. ನೀರು ಕುದಿಯೋ ಸದ್ದು ಕೇಳಿಸಲ್ಲ, ಸುಮ್ನೆ ಪಾತ್ರೆ ಮುಂದೆ ಕೂತಿದ್ದೆ. ನೋಡ್ತೀನಿ, ಕುದೀತಾ ಇದೆ. ಅಕ್ಕಿ ಮೇಲೆ ಕೆಳಗೆ ಆಗ್ತಾ ಇದೆ. ನಂಗೆ ಕೇಳಿಸಲ್ಲ ಅಂತ ಅದು ಕುದಿಯೋದು ಬಿಟ್ಟಿರಲಿಲ್ಲ. ದೇವರೂ ಹಾಗೇ ಇರಬೇಕು ಅನಿಸ್ತು ನೋಡು. ನಂಗೆ ಕೇಳಿಸಲಿ ಬಿಡಲಿ, ಅವನು ಮಾಡೋದು ಮಾಡ್ತಾನೇ ಇರ್ತಾನೆ, ನಮ್ಮನ್ನ ನೋಡ್ಕೋತಾನೇ ಇರ್ತಾನೆ. ಆವತ್ತಿನಿಂದ ಅವನು ಮಾತಾಡಲಿಲ್ಲ ಅಂತ ನಂದು ತಕರಾರಿಲ್ಲ. ಮಾತಾಡಿದ್ರೂ ನಂಗೆಲ್ಲಿ ಕೇಳಿಸಬೇಕು?" ಎಂದು ಜೋರಾಗಿ ನಕ್ಕಳು.

ಮರುದಿನ ಬೆಳಿಗ್ಗೆ ಮೈಕಮ್ಮ ಕಿಟಕಿಯ ಹತ್ತಿರ ಕೂತಾಗ ಏನನ್ನೂ ಹೇಳಲು ಹೋಗಲಿಲ್ಲ. ಮನಸ್ಸು ಒಂದೆರಡು ಗಾಡಿ ಹತ್ತಿತು, ತಾನಾಗಿಯೇ ಇಳಿದು ಬಂತು. ತಾನು ಏನನ್ನೂ ಹೇಳದಿದ್ದರೂ ಅವನಿಗೆ ತಾನು ಇಲ್ಲಿ ಕೂತಿರುವುದು ಗೊತ್ತಿದೆ ಎಂದು ಅವಳಿಗೆ ಅನಿಸಿತು. ಒಳಗಿನ ಕೋಣೆಯಿಂದ ಅತ್ತೆಯ ಗೊರಕೆ ಬರುತ್ತಿತ್ತು. ಇಪ್ಪತ್ತು ನಿಮಿಷ ಕೂತಿದ್ದಳು, ಹಾಯಾಗಿತ್ತು.

ಹದಿನೈದನೇ ದಿನ ಬೆಳಿಗ್ಗೆ ಗಂಡ ಹೆಂಡತಿ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಸಣ್ಣ ಕನ್ನಡಿಯಿಂದ ಗಂಟಲು ನೋಡಿ, ಗಾಯ ಮಾಗಿದೆ, ಏನಾದರೂ ಮಾತಾಡಿ ಎಂದಳು. ಮೈಕಮ್ಮ ಬೆನ್ನು ನೇರ ಮಾಡಿಕೊಂಡು, ಅರ್ಧ ಉಸಿರು ನಿಂತು, ಬಾಯಿ ತೆರೆದಳು.

"ಪ್ರಯಾಣಿಕರ ಗಮನಕ್ಕೆ."

ಮಾತು ಹೊರಬಂತು. ಆದರೆ ಅವಳದಲ್ಲ. ಒಡೆದ, ಒರಟಾದ, ಮಧ್ಯೆ ಮಧ್ಯೆ ಗಾಳಿ ಸೋರುವ ಯಾರೋ ಮುದುಕಿಯ ದನಿ.

ಡಾಕ್ಟರಮ್ಮ ಸುತ್ತಿ ಬಳಸಲಿಲ್ಲ. "ಇನ್ನೂ ಸ್ವಲ್ಪ ಸುಧಾರಿಸುತ್ತೆ. ಮನೆಯಲ್ಲಿ, ಅಂಗಡೀಲಿ ಮಾತಾಡೋಕೆ ಏನೂ ತೊಂದ್ರೆ ಇಲ್ಲ. ಆದ್ರೆ ಮೈಕಿನ ಕೆಲಸ ಇನ್ನು ಬೇಡಮ್ಮಾ. ಹಳೇ ದನಿ ವಾಪಸ್ ಬರಲ್ಲ."

ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ದುಃಖವಾಗದೆ ಇರುತ್ತದೆಯೇ? ಇಪ್ಪತ್ತಮೂರು ವರ್ಷ ಒಡನಾಡಿಯಾಗಿದ್ದ ದನಿ ಹೋಗಿತ್ತು. ಈ ಮಾತು ಕೇಳಿದ ಕ್ಷಣ ತಾನು ನೆಲಕ್ಕೆ ಕುಸಿಯುತ್ತೇನೆ ಎಂದು ಅವಳು ಹದಿನೈದು ದಿನದಿಂದ ಹೆದರಿದ್ದಳು. ಈಗ ಕೇಳಿಯೂ ಆಗಿತ್ತು, ಅಳುತ್ತಲೂ ಇದ್ದಳು, ಕುಸಿದಿರಲಿಲ್ಲ. ಅದು ಅವಳಿಗೇ ಆಶ್ಚರ್ಯ.

ದಾರಿಯಲ್ಲಿ ಇಳಿದು ಸ್ಟೇಷನ್ ಮಾಸ್ಟರನ್ನು ಕಂಡರು. ಅವರು ಅವಳ ಹೊಸ ದನಿಯನ್ನು ತಲೆ ತಗ್ಗಿಸಿ ಕೇಳಿಸಿಕೊಂಡರು. ಮೈಕಿನ ಜಾಗಕ್ಕೆ ಆ ಹುಡುಗಿಯ ಹೆಸರನ್ನೇ ಕಳಿಸುತ್ತೇನೆ, ಒಂದು ತಿಂಗಳು ಪಕ್ಕದಲ್ಲಿ ಕೂತು ಅವಳಿಗೆ ಕಲಿಸಿ, ಆಮೇಲೆ ಟಿಕೆಟ್ ಕಿಟಕಿಗೆ ಬನ್ನಿ ಎಂದರು. "ಮೊದಲು ಮಾತಿನ ಬಾಲ ನುಂಗೋದು ಬಿಡಿಸ್ತೀನಿ ಸಾರ್" ಎಂದು ಅವಳು ಆ ಒಡಕು ದನಿಯಲ್ಲೇ ಹೇಳಿದಾಗ, ಅವರು ನಕ್ಕು, ಕರ್ಚೀಫಿನಿಂದ ಮೂಗು ಒರೆಸಿಕೊಂಡರು.

ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಎದುರುಮನೆಯವಳು, ಹಾಲಿನವಳು ಎಲ್ಲರೂ ದನಿ ಬಂತಾ ದನಿ ಬಂತಾ ಎಂದು ಮುತ್ತಿಕೊಂಡರು. ಅತ್ತೆ ಅವರನ್ನೆಲ್ಲ ಸರಿಸಿ, ಸೊಸೆಯ ಕೆನ್ನೆ ಮುಟ್ಟಿ ನೋಡಿ, "ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ?" ಎಂದು ಕೇಳಿದಳು.

ಊಟ ಆದ ಮೇಲೆ ಮೈಕಮ್ಮ ಸ್ಲೇಟು ತೆಗೆದುಕೊಂಡು ಅತ್ತೆಯ ಪಕ್ಕ ಕೂತಳು. ಆರು ದಿನದಿಂದ ಎದೆಯಲ್ಲಿ ಇಟ್ಟುಕೊಂಡದ್ದನ್ನು ಹೇಳದೆ ಇರಲಾಗಲಿಲ್ಲ. ನಿಧಾನವಾಗಿ, ದಪ್ಪಕ್ಷರದಲ್ಲಿ ಬರೆದಳು. "ಆವತ್ತು ಬರೆದದ್ದು ನಿನಗಲ್ಲ ಅತ್ತೆ. ದೇವರಿಗೆ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಓದಿದಳು. ಕಣ್ಣು ದೊಡ್ಡದಾಯಿತು.

"ಅಯ್ಯಯ್ಯೋ! ನೀನು ಅವನನ್ನ ಕೇಳಿದ್ದಾ? ಮಧ್ಯೆ ನಾನು ಬಾಯಿ ಹಾಕಿಬಿಟ್ನಾ?" ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದಳು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೆ ಅವಳ ಮುಖದಲ್ಲಿ ನಿಜವಾದ ಕಳವಳ ಕಾಣಿಸಿತು. ಸೊಸೆಯ ಮೊಣಕೈ ಹಿಡಿದುಕೊಂಡು, ತನ್ನ ಮಟ್ಟಿಗೆ ಮೆಲ್ಲಗೆ ಎನ್ನುವಂತೆ ಕೇಳಿದಳು.

"ನಾನು ಹೇಳಿದ್ದು ಏನಾದ್ರೂ ತಪ್ಪಾಯ್ತೇನೆ? ಅವನು ಬೇರೆ ಏನಾದ್ರೂ ಹೇಳ್ತಿದ್ನಾ?"

ಬಳಪ ಕೈಯಲ್ಲಿದ್ದರೂ ಮೈಕಮ್ಮ ಬರೆಯಲಿಲ್ಲ. ಆ ಒಡೆದ ದನಿಯಲ್ಲಿ, ಬಾಯಿ ಬಿಟ್ಟು, ಗಟ್ಟಿಯಾಗಿ ಹೇಳಿದಳು.

"ಇಲ್ಲಮ್ಮಾ. ಅವನೂ ಅದನ್ನೇ ಹೇಳಿದ."

ಅತ್ತೆಗೆ ಒಂದಕ್ಷರವೂ ಕೇಳಿಸಲಿಲ್ಲ. ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಸರಿ ಹಾಗಾದ್ರೆ" ಎಂದಳು.